ಸವಳು ನೆಲದ ತೆನೆ

ಕಂಪ್ಲಿಯ ಕಾಲುವೆಯ ಕೆಳಗಿನ ಆ ಹೊಲದಲ್ಲಿ ಬೇಸಿಗೆ ಬಂತೆಂದರೆ ಬಿಳಿ ಉಪ್ಪು ಮೇಲೇಳುತ್ತಿತ್ತು. ವರ್ಷಗಟ್ಟಲೆ ನೀರು ನಿಂತು ಸವಳಾದ ನೆಲ. ಹೊಲದ ಒಡತಿ, ಅಕ್ಕಿ ಗಿರಣಿಯ ಗಂಗಾಂಬಿಕಾ ಅದರ ಆಸೆ ಬಿಟ್ಟಿದ್ದರು. ಅದನ್ನೇ ಕೇಳಿಕೊಂಡು ಬಂದವಳು ಪಲ್ಲವಿ. ಅವರ ಗದ್ದೆಗಳಲ್ಲಿ ನಾಟಿ ಹಚ್ಚುತ್ತಲೇ ಮುದುಕಿಯಾದ ಎರ್ರೆಮ್ಮನ ಮಗಳು, ಈಗ ಸಸ್ಯವಿಜ್ಞಾನದ ಸಂಶೋಧಕಿ.

"ಅಲ್ಲಿ ಹುಲ್ಲು ಸುದ್ದಾ ಹುಟ್ಟಂಗಿಲ್ಲವ್ವ" ಎಂದರು ಗಂಗಾಂಬಿಕಾ.

"ಅದಕ್ಕ ಅದು ಬೇಕ್ರಿ ಅಮ್ಮಾರ."

ಭತ್ತದ ಬೇರಿನಲ್ಲಿ ಉಪ್ಪನ್ನು ಹೊರದಬ್ಬುವ ಪ್ರೋಟೀನ್ ಇದೆ. ಒಂದು ಕಿಣ್ವ ಬಂದು ಅದಕ್ಕೆ ಫಾಸ್ಫೇಟಿನ ಚೂರು ಅಂಟಿಸಿದರಷ್ಟೇ ಅದು ಕೆಲಸಕ್ಕೇಳುತ್ತದೆ. ಆ ಕಿಣ್ವ ಚುರುಕಾಗಿರುವ ತಳಿಯನ್ನು ಆರಿಸಿದ್ದೇನೆ ಎಂದು ಪಲ್ಲವಿ ಬಿಡಿಸಿ ಹೇಳಿದಳು. ಗಂಗಾಂಬಿಕಾ ಒಪ್ಪಿದರು.

ಮೊದಲ ವರ್ಷ ಪೈರು ಮಂಡಿಯೆತ್ತರ ಬರುವ ಮೊದಲೇ ಸುಟ್ಟುಹೋಯಿತು. ಪಕ್ಕದ ಹೊಲದ ಅಂದಾನಪ್ಪ ಬದುವಿನ ಮೇಲೆ ನಿಂತು, "ಓದಿದ್ದೆಲ್ಲಾ ಉಪ್ಪಿನಾಗ ಹೋತು ನೋಡು" ಎಂದ. ಪಲ್ಲವಿಯ ಮೇಲಧಿಕಾರಿಗಳೂ ಇದನ್ನು ಕೈಬಿಡು ಎಂದರು. ಪಲ್ಲವಿಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಆದರೂ ಸತ್ತ ಪೈರನ್ನು ಬೇರುಸಮೇತ ಕಿತ್ತು ಪ್ರಯೋಗಾಲಯಕ್ಕೆ ಒಯ್ದಳು. ತಪ್ಪು ಅಲ್ಲಿ ಸಿಕ್ಕಿತು. ಸುಲಭವೆಂದು ಅವಳು ಎಲೆಗಳನ್ನಷ್ಟೇ ಪರೀಕ್ಷಿಸಿ ತಳಿ ಆರಿಸಿದ್ದಳು. ಕಿಣ್ವ ಎಲೆಯಲ್ಲಿ ಚುರುಕಾಗಿತ್ತು, ಬೇರಿನಲ್ಲಿ ಇದ್ದೂ ಇಲ್ಲದಂತಿತ್ತು. ಈ ಸಲ ಒಂದೊಂದೇ ಸಸಿಯ ಬೇರು ತೊಳೆದು, ನೋಡಿ, ಆರಿಸಿದಳು.

ಮರುವರ್ಷ ಆ ನೆಲಕ್ಕಿಳಿಯಲು ಕೂಲಿಯವರು ಒಪ್ಪಲಿಲ್ಲ. ಕಾಲು ಉರಿಯುತ್ತವೆ ಎಂದರು. ಎರ್ರೆಮ್ಮ ಸೀರೆ ಎತ್ತಿ ಕಟ್ಟಿದಳು.

"ಬ್ಯಾಡ ಬಿಡವ್ವ, ನಿನ್ನ ಕೈಲೆ ಆಗಲ್ಲ" ಎಂದಳು ಪಲ್ಲವಿ.

"ನೀ ಸುಮ್ಕ ಸಸಿ ಕೊಡು."

ತಾಯಿ ಮಗಳು ಸೇರಿಯೇ ನಾಟಿ ಮುಗಿಸಿದರು.

ಈ ಸಲ ಪೈರು ಹಸಿರು ಕಳೆದುಕೊಳ್ಳಲಿಲ್ಲ. ಹೊಡೆ ಒಡೆದು ತೆನೆ ಹೊರಟಿತು, ಕಾಳಿಗೆ ಹಾಲು ತುಂಬಿತು, ತೆನೆ ಬಾಗಿತು. ಹೊಸಪೇಟೆಯಿಂದಲೂ ಜನ ಬಂದು ನೋಡಿದರು. ಅಂದಾನಪ್ಪ ಒಂದು ತೆನೆ ಹಿಡಿದು ಕಾಳು ಒತ್ತಿ ನೋಡಿದ.

"ನಂದೂ ಅರ್ಧ ಸವಳೇ ಐತವ್ವ. ನನಗೂ ಬೀಜ ಕೊಡ್ತಿಯೇನು?"

"ಇನ್ನೊಂದು ಬೆಳಿ ನೋಡಿ ಕೊಡ್ತೀನ್ರಿ ಗೌಡ್ರ. ಮೊದಲು ನಿಮಗ."

ಬೀಜಕ್ಕೆ ತೆಗೆದಿಟ್ಟು ಉಳಿದ ಭತ್ತವನ್ನು ಗಂಗಾಂಬಿಕಾ ತಮ್ಮ ಗಿರಣಿಯಲ್ಲೇ ಅಕ್ಕಿ ಮಾಡಿಸಿ, ತಾಯಿ ಮಗಳನ್ನು ಊಟಕ್ಕೆ ಕರೆದರು. ಎರ್ರೆಮ್ಮ ಅಭ್ಯಾಸಬಲದಿಂದ, ಕೂಲಿಯವರು ಉಣ್ಣುವ ಹಿತ್ತಲ ಕಟ್ಟೆಗೆ ಹೋಗಿ ಕೂತಳು. ಗಂಗಾಂಬಿಕಾ ಅಲ್ಲಿಗೇ ಬಂದರು.

"ಎರ್ರೆಮ್ಮ, ಒಳಗ ಬರ್ರಿ. ಕುಂದ್ರಿ, ಉಣ್ಣಾಣು."

ಆ ಬಾಯಿಂದ 'ಬರ್ರಿ' ಎಂಬ ಮಾತು ತಾಯಿಗೆ ಬಂದದ್ದನ್ನು ಪಲ್ಲವಿ ಎಂದೂ ಕೇಳಿರಲಿಲ್ಲ. ಎರ್ರೆಮ್ಮ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ನಡುಮನೆಗೆ ನಡೆದಳು. ಬಿಸಿ ಅನ್ನಕ್ಕೆ ಸಾರು ಕಲಸಿ ಉಂಡು, ತಾನೇ ಕೇಳಿ ಮತ್ತೊಮ್ಮೆ ಬಡಿಸಿಕೊಂಡಳು.