ಇದ್ವಲ್‌ನ ಕೊನೆಯ ಹಾಡು

ಮೊದಲ ಸಾಲಿನಲ್ಲಿ ಡಿಲಿಸ್ ಆಂಟಿ ಹೊಸ ಕೋಟು ತೊಟ್ಟು ಕೂತಿದ್ದನ್ನು ಕಂಡ ಕೂಡಲೇ ಮೆಲೇರಿ ಹಿಂದಿನ ಗೋಡೆಯತ್ತ ಸರಿದು ನಿಂತಳು. ವೇಲ್ಸ್‌ನ ಆ ಕಣಿವೆಯೂರಿನಲ್ಲಿ, ಊರಿನವರೇ ತೆಗೆದ ಆರು ಕಿರುಚಿತ್ರಗಳನ್ನು ಊರಿನವರಿಗೇ ತೋರಿಸುವ ಶನಿವಾರದ ಮಧ್ಯಾಹ್ನ ಅದು. ಮೆಲೇರಿಯದು ಐದನೆಯದು, ಒಂಬತ್ತೇ ನಿಮಿಷದ್ದು. ಶಾಲೆಯ ಬಸ್ಸು ಓಡಿಸುವ ಅವಳು ಜನ್ಮದಲ್ಲಿ ತೆಗೆದ ಮೊದಲ ಚಿತ್ರ.

ಚಿತ್ರವೇನೋ ಚೆನ್ನಾಗಿತ್ತು. ಕೆಟ್ಟಿದ್ದು ಒಂದೇ ಕಡೆ, ಅದೂ ಕೆಡಬಾರದ ಕಡೆ. ಚಿತ್ರ ತೆಗೆದದ್ದು ಪ್ಲಗೈನ್ ಎಂಬ ಹಾಡಿನ ಕೂಟದ ಮೇಲೆ. ಜನವರಿಯ ಆ ಸಂಜೆ ಮನೆತನಗಳು ಒಂದಾದ ಮೇಲೊಂದು ಚರ್ಚಿನಲ್ಲಿ ಎದ್ದು ನಿಂತು, ವಾದ್ಯವಿಲ್ಲದೆ ತಮ್ಮ ತಮ್ಮ ಕ್ರಿಸ್ಮಸ್ ಹಾಡು ಹಾಡುತ್ತವೆ. ಹೆಂದ್ರೆ ಮನೆಯ ಮೂವರು ಅಣ್ಣತಮ್ಮಂದಿರು ಹಾಡುವ ಹೊತ್ತಿಗೇ ಅವಳ ಮೈಕಿನ ಬ್ಯಾಟರಿ ಸತ್ತಿತ್ತು. ಬಾಯಿ ಆಡುತ್ತಿದೆ, ದನಿ ಇಲ್ಲ. ಹಿರಿಯವನು ಇದ್ವಲ್, ಡಿಲಿಸ್ ಆಂಟಿಯ ಗಂಡ. ಏಪ್ರಿಲ್‌ನಲ್ಲಿ ತೀರಿಕೊಂಡ. ಇನ್ನೊಮ್ಮೆ ಹಾಡಿಸೋಣವೆಂದರೆ ಅವನನ್ನು ಎಲ್ಲಿಂದ ತರುವುದು?

ಆಗ ಈ ಪುಣ್ಯಾತ್ಗಿತ್ತಿ ಮಾಡಿದ್ದೇನು? ಅದೇ ಸಂಜೆ ಗಾರ್ಥ್ ಮನೆಯವರು ಹಾಡಿದ್ದನ್ನು ತಂದು ಇದ್ವಲ್‌ನ ಬಾಯಿಗೆ ಅಂಟಿಸಿದಳು! ಪರವೂರಿನವರಿಗೆ ಎಲ್ಲ ಹಾಡೂ ಒಂದೇ. ಇಲ್ಲಿ ಮಾತ್ರ ಒಂದು ಮನೆಯ ಹಾಡನ್ನು ಇನ್ನೊಂದು ಮನೆ ಎತ್ತಿಕೊಂಡರೆ ಬೇಲಿ ಕಿತ್ತಷ್ಟು ಜಗಳ. ಎಲ್ಲರ ಹಾಡೂ ಎಲ್ಲರಿಗೂ ಬಾಯಿಪಾಠ, ತುಟಿ ಮಾತ್ರ ಬಿಚ್ಚುವುದಿಲ್ಲ. ಮೆಲೇರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿತ್ರ ಕೊಡುವ ಕೊನೆಯ ದಿನ ಬಂದಿತ್ತು, ಆಮೇಲೆ ಸರಿಮಾಡಿದರಾಯಿತು ಅಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ.

ಮೂರು ವಾರದಿಂದ ಡಿಲಿಸ್ ಆಂಟಿ ಕಂಡಕಂಡಲ್ಲಿ ಕೇಳುತ್ತಿದ್ದುದು ಒಂದೇ ಮಾತು. "ಇದ್ವಲ್ ದನಿ ಬಂದಿದ್ಯೇನೇ? ಮೂರೂ ಜನರದ್ದು ಬೇರೆ ಬೇರೆ ಕೇಳ್ಸತ್ತಾ?"

"ಚೆನ್ನಾಗಿ ಕೇಳ್ಸತ್ತೆ ಆಂಟಿ."

ಮುದುಕಿ ಸರಸರನೆ ಹೋಗಿಬಿಡುತ್ತಿದ್ದಳು. ಗಂಡನ ದನಿಗೆ ಹೇಗೆ ಕಾಯುತ್ತಿದ್ದಾಳಪ್ಪಾ ಎಂದು ಮೆಲೇರಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ನಾಲ್ಕನೆಯ ಚಿತ್ರ ಮುಗಿದು ದೀಪ ಹತ್ತಿದವು. ಎಲ್ಲರೂ ಟೀಗೆ ಎದ್ದರು. ಗಾರ್ಥ್ ಮನೆಯ ಯಜಮಾನ ಹೊವೆಲ್ ಬಾಯಲ್ಲಿ ಕೇಕು ತುಂಬಿಕೊಂಡೇ ಕೂಗಿದ. "ಏನೇ ಮೆಲೇರಿ, ಕುರಿ ಕಳ್ಕೊಂಡೋಳ ಥರ ನಿಂತಿದೀಯ? ನಮ್ಮನೆ ಹಾಡು ಚೆನ್ನಾಗ್ ಹಾಕಿದೀಯ ತಾನೇ? ಇಲ್ಲಾಂದ್ರೆ ನಿನ್ ಬಸ್ಸಿನ ಗಾಳಿ ತೆಗೀತೀನಿ!"

ಎಲ್ಲರೂ ನಕ್ಕರು. ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಹಾಗಾಯಿತು ಮೆಲೇರಿಗೆ. ಇನ್ನು ತಡೆಯಲಾಗಲಿಲ್ಲ. ಡಿಲಿಸ್ ಆಂಟಿ ಒಬ್ಬಳೇ ಕೂತಿದ್ದಳು. ಮೈದುನರಿಬ್ಬರೂ ಟೀ ತರಲು ಹೋಗಿದ್ದರು. ಮೆಲೇರಿ ಹೋಗಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ಆಂಟಿ, ಸುಳ್ಳು ಹೇಳ್ದೆ ನಾನು. ಮೈಕು ಕೈಕೊಡ್ತು. ಅಂಕಲ್ ದನಿ ಸಿಕ್ಕೇ ಇಲ್ಲ. ಗಾರ್ಥ್‌ನವರ ಹಾಡು ಹಾಕ್ಬಿಟ್ಟಿದೀನಿ."

"ಒಂದ್ ಚೂರೂ ಸಿಕ್ಕಿಲ್ವಾ?"

"ಒಂದ್ ಚೂರೂ ಇಲ್ಲ."

"ಆಣೆ ಮಾಡಿ ಹೇಳು."

"ದೇವ್ರಾಣೆ ಆಂಟಿ."

ಡಿಲಿಸ್ ಆಂಟಿ ಕಣ್ಣು ಮುಚ್ಚಿದಳು. "ದೇವ್ರು ದೊಡ್ಡೋನು," ಅಂದಳು.

"ಯಾಕೆ ಆಂಟಿ?"

"ಹತ್ರ ಬಾ. ಅವತ್ತು ಅವನು ಹಾಡ್ಲೇ ಇಲ್ಲ ಕಣೇ. ಗಂಟ್ಲಲ್ಲಿ ಗಡ್ಡೆ. ಕ್ರಿಸ್ಮಸ್‌ಗೆ ಮುಂಚೆನೇ ದನಿ ಹೋಗಿತ್ತು. ಮೂವರು ನಿಲ್ದೇ ಇದ್ರೆ ಹೆಂದ್ರೆ ಹಾಡು ತನ್ನಿಂದ ನಿಂತೋಯ್ತು ಅಂತಾಗತ್ತೆ ಅಂತ ಸುಮ್ನೆ ಬಾಯಾಡಿಸ್ದ. ತಮ್ಮಂದಿರೇ ಜೋರಾಗಿ ಹಾಡಿ ತುಂಬಿಸಿದ್ರು. ಊರಿಗೆ ಗೊತ್ತಾಗ್ಬಾರ್ದು ಅಂತ ನನ್ ಹತ್ರ ಮಾತು ತಗೊಂಡಿದ್ದ. ನೀನು ಕೇಳ್ಸತ್ತೆ ಅಂದ್ರೂ, ಇರೋದು ಎರಡೇ ದನಿ ಅಂತ ನಿನ್ ಮೈಕು ಬಯಲು ಮಾಡತ್ತೆ ಅಂತ ಮೂರ್ ವಾರ ಕಣ್ ಮುಚ್ಚಿಲ್ಲ ನಾನು." ಕಣ್ಣೊರೆಸಿಕೊಂಡಳು. "ಆದ್ರೆ ಗಾರ್ಥ್ ಹಾಡು ಅವನ ಬಾಯಲ್ಲಿ ಬೇಡ. ಆ ದನಿ ನಿಲ್ಸ್ಬಿಡು."

"ಬರೀ ಬಾಯಿ ಕಾಣತ್ತೆ ಆಂಟಿ."

"ಕಾಣ್ಲಿ."

ಮೆಲೇರಿ ಪ್ರೊಜೆಕ್ಟರ್ ನೋಡಿಕೊಳ್ಳುವ ಹೆವಿನ್ ಹತ್ತಿರ ಓಡಿದಳು. "ಹಾಡು ಶುರುವಾಗೋ ಮುಂಚೆ ದನಿ ಪೂರ್ತಿ ಇಳಿಸ್ಬೇಕು."

"ತಲೆ ಕೆಟ್ಟಿದ್ಯಾ? ಮೆಷಿನ್ ಕೆಡಿಸ್ದೆ ಅಂತ ಜನ ನನ್ನ ಬೈತಾರೆ."

"ಬೈಸ್ಕೋ."

ಆದರೂ ಅವನನ್ನು ನಂಬದೆ ತಾನೇ ಗುಂಡಿಯ ಮೇಲೆ ಬೆರಳಿಟ್ಟು ನಿಂತಳು. ದೀಪ ಆರಿ ಅವಳ ಚಿತ್ರ ಶುರುವಾಯಿತು. ಆ ಹಾಡು ಬರುವವರೆಗಿನ ನಾಲ್ಕು ನಿಮಿಷ ನಾಲ್ಕು ಗಂಟೆಯಾಯಿತು. ಪರದೆಯ ಮೇಲೆ ಹೆಂದ್ರೆ ಮನೆಯ ಮೂವರು ಎದ್ದು ಬಂದು ಭುಜಕ್ಕೆ ಭುಜ ತಾಗಿಸಿ ನಿಂತರು. ಮೆಲೇರಿ ಗುಂಡಿ ತಿರುಗಿಸಿದಳು.

"ದನಿ ಎಲ್ಲಿ?" ಹಿಂದಿನಿಂದ ಯಾರೋ ಕೂಗಿದರು.

"ಶ್, ಸುಮ್ನಿರಯ್ಯಾ," ಹೊವೆಲ್ ಗದರಿದ.

ಆಮೇಲೆ ಕುರ್ಚಿಯ ಸದ್ದೂ ಇಲ್ಲ. ಮೂರು ಬಾಯಿಗಳು ಕೂಡಿಯೇ ತೆರೆದು ಕೂಡಿಯೇ ಮುಚ್ಚುತ್ತಿದ್ದವು. ಹಾಡು ಯಾರಿಗೆ ಗೊತ್ತಿಲ್ಲ? ಜನ ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಕೇಳಿಸಿಕೊಂಡರು. ಹಾಡು ಮುಗಿಯುವ ಹೊತ್ತಿಗೆ ಹೊವೆಲ್ ಮೂಗೊರೆಸಿಕೊಳ್ಳುತ್ತ ಮುಂದಕ್ಕೆ ಬಾಗಿದ.

"ಡಿಲಿಸ್, ಸುಳ್ಳಲ್ಲ ಕಣೇ. ಈ ಜನವರೀಲಿ ಹಾಡಿದಷ್ಟು ಚೆನ್ನಾಗಿ ಇದ್ವಲ್ ಯಾವತ್ತೂ ಹಾಡಿರ್ಲಿಲ್ಲ."

ಡಿಲಿಸ್ ಆಂಟಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹೂಂ," ಅಂದಳು. "ಹಾಡಿದ್ದ."