ಎಡದ ಮೇಲೆ ಬಲ

ಕುರೋಕಿ ತೇಜೋ ಕಾಗದದ ಕಾರ್ಖಾನೆಯ ವಿರುದ್ಧ ಕಾಗದದಿಂದಲೇ ಹೋರಾಡುತ್ತಿದ್ದ. ಬೇರೆಯವರು ಆಡಿಕೊಳ್ಳುವ ಮೊದಲೇ ಇದನ್ನು ತಾನೇ ಹೇಳಿ ನಕ್ಕುಬಿಡುವುದು ಅವನ ಅಭ್ಯಾಸ. ಐವತ್ತೆರಡು ವರ್ಷಗಳಲ್ಲಿ ನಗುವುದಕ್ಕೆ ಸರಕು ಧಾರಾಳವಾಗಿ ಕೂಡಿತ್ತು. ಟೋಕಿಯೋದಲ್ಲಿದ್ದಾಗ ದೊಡ್ಡ ಪ್ರದರ್ಶನಕ್ಕೆ ಹನ್ನೊಂದು ಸಲ ತೈಲಚಿತ್ರ ಕಳಿಸಿದ್ದ. ಹನ್ನೊಂದು ಸಲವೂ ಚಿತ್ರ ಅವನಿಗಿಂತ ಮೊದಲೇ ಮನೆ ಸೇರಿತ್ತು. ಯುದ್ಧಕಾಲದಲ್ಲಿ ಸೈನಿಕರನ್ನು ಬರೆದವರಿಗೆ ಮಾತ್ರ ಬಣ್ಣ ಸಿಗುತ್ತಿತ್ತು. ತೇಜೋ ಸೈನಿಕರನ್ನು ಬರೆದ. ದೇಶ ಸೋತ ಮೇಲೆ ನಾಚಿಕೆಯಾಗಿ, ಕ್ಯೂಷುವಿನ ಈ ಬೆಸ್ತರ ಊರಿಗೆ ಬಂದು, ಹಲಗೆ ಕೆತ್ತಿ ಅಚ್ಚು ಹಾಕುವವನಾದ. ತನ್ನನ್ನು ತಾನೇ ಜನರ ಕಲಾವಿದ ಎಂದು ಕರೆದುಕೊಂಡ. ಜನ ಮಾಸ್ತರು ಅಂದರು, ಅಷ್ಟೇ.

ಕಾರ್ಖಾನೆ ಕೊಲ್ಲಿಗೆ ಕಪ್ಪು ನೀರು ಬಿಡತೊಡಗಿ ಮೂರು ವರ್ಷವಾಗಿತ್ತು. ಮೊದಲು ಸಿಂಪಿ ಸತ್ತವು, ಆಮೇಲೆ ಏಡಿ, ಆಮೇಲೆ ಮೀನು. ತೇಜೋ ಕಟ್ಟಿದ್ದ ಹೆಂಗಸರ ಓದುಬಳಗ ಪುಸ್ತಕ ಮಡಚಿಟ್ಟು ಕಾರ್ಖಾನೆಯ ಗೇಟಿನ ಮುಂದೆ ಕೂತಿತು. ಮುಂದಾಳು ಶಿನೋ, ಗಂಡನನ್ನು ಸಮುದ್ರಕ್ಕೆ ಕೊಟ್ಟವಳು. ಪೋಸ್ಟರಿಗೆ ಅವಳದೇ ಚಿತ್ರ ಎಂದು ತೀರ್ಮಾನವಾಯಿತು. ಇದ್ದ ಒಂದೇ ಒಳ್ಳೆಯ ಕಿಮೋನೊ ಉಟ್ಟು, ಮುಷ್ಟಿ ಎತ್ತಿ ಕೂತಳು.

"ಮೊದ್ಲು ಕಾಗದದ ಮೇಲೆ ಬರ್ಕೊಳಲ್ವಾ ಮಾಸ್ತರೇ?"

"ಕರಡು ಬೇಕಾಗೋದು ಕಲಿಯೋರಿಗಮ್ಮ," ಎಂದ ತೇಜೋ ನೇರ ಹಲಗೆಗೇ ಉಳಿ ಇಟ್ಟ. ಹಲಗೆಯಲ್ಲಿ ಕೆತ್ತಿದ್ದು ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಅದಕ್ಕೇ ಕರಡನ್ನು ಮಗುಚಿ ಅಂಟಿಸಿ ಕೆತ್ತುತ್ತಾರೆ ಎಂಬುದು ಕಲಿಯುವವರಿಗೂ ಗೊತ್ತಿರುವ ಮಾತು.

ಇನ್ನೂರು ಹಾಳೆ ಊರೆಲ್ಲ ಅಂಟಿಸಿದ ದಿನ ಶಿನೋಳ ಅತ್ತೆ ಅಳುತ್ತ ಅವನ ಅಂಗಳಕ್ಕೆ ಬಂದಳು.

"ನನ್ ಸೊಸೆ ನಿನಗೇನ್ ಮಾಡಿದ್ಲೋ ಪಾಪಿ? ಬದುಕಿರೋಳಿಗೆ ಹೆಣದ ಉಡುಗೆ ಉಡಿಸಿದೀಯಲ್ಲೋ!"

ತೇಜೋ ಆಗ ನೋಡಿದ. ಕಿಮೋನೊದ ಎಡ ಸೆರಗು ಮೇಲೆ ಬರಬೇಕು. ಎಡದ ಮೇಲೆ ಬಲ ಬರುವಂತೆ ಉಡಿಸುವುದು ಹೆಣಕ್ಕೆ ಮಾತ್ರ. ಇನ್ನೂರು ಗೋಡೆಗಳ ಮೇಲೆ ಶಿನೋ ಸತ್ತು, ಮುಷ್ಟಿ ಎತ್ತಿ ಕೂತಿದ್ದಳು. ಗೇಟಿನ ಕಾವಲುಗಾರರು ಪೋಸ್ಟರಿನ ಮುಂದೆ ಊದುಬತ್ತಿ ಹಚ್ಚಿಟ್ಟು ಕೈಮುಗಿದು ನಗುತ್ತಿದ್ದರು.

ಆ ಹಲಗೆ ಇರುವವರೆಗೂ ಸೊಸೆಯನ್ನು ಹೊಸಿಲು ದಾಟಲು ಬಿಡುವುದಿಲ್ಲ ಎಂದು ಅತ್ತೆ ಹಟ ಹಿಡಿದಳು. ಶಿನೋ ಇಲ್ಲದೆ ಗೇಟಿನ ಮುಂದಿನ ಸಾಲು ದಿನೇ ದಿನೇ ಸಣ್ಣದಾಯಿತು. ತೇಜೋ ಪೋಸ್ಟರುಗಳನ್ನು ಕಿತ್ತು ಸುಟ್ಟ, ಮರುದಿನವೇ ಹಲಗೆ ತರಿದು ಹೊಸದಾಗಿ ಕೆತ್ತುವುದಾಗಿ ಮಾತು ಕೊಟ್ಟ.

ಮರುದಿನ ಟೋಕಿಯೋದಿಂದ ಕಾಗದ ಬಂತು. ಯಾರೋ ಒಯ್ದಿದ್ದ ಒಂದು ಪೋಸ್ಟರನ್ನು ವಿಮರ್ಶಕ ಯಾಜಿಮ ಕಂಡಿದ್ದರು. 'ಬದುಕಿದ್ದೂ ಸತ್ತವರ ಎದೆನಡುಗಿಸುವ ರೂಪಕ. ಈ ವರ್ಷದ ಬಹುಮಾನ ನಿಮ್ಮದೇ. ಹಲಗೆ ಜೋಪಾನ. ನಾನೇ ಬರುತ್ತೇನೆ.'

ತೇಜೋ ಅದನ್ನು ಹನ್ನೊಂದು ಸಲ ಓದಿದ. ಆಮೇಲೆ ಅವನಿಗೆ ಬೆನ್ನು ನೋವು ಬಂತು. ಬೆನ್ನು ವಾಸಿಯಾದಾಗ ಉಳಿ ಮೊಂಡಾಯಿತು. ಉಳಿ ಮಸೆದಾಗ ಗಾಳಿಯಲ್ಲಿ ತೇವ ಹೆಚ್ಚಿತ್ತು. ಸುಳ್ಳು ಹೇಳುವುದರಲ್ಲಿ ತನಗಿರುವ ಪ್ರತಿಭೆ ಚಿತ್ರದಲ್ಲಿದ್ದಿದ್ದರೆ ಎಂದು ಅವನಿಗೇ ಅನ್ನಿಸಿತು.

ಯಾಜಿಮ ಬಂದ ದಿನ ಓದುಬಳಗ ಮೀನುಗಾರರ ಸಂಘದ ಕೋಣೆಯಲ್ಲಿ ಸೇರಿತು. ಅತ್ತೆಯ ಕಣ್ಣು ತಪ್ಪಿಸಿ ಶಿನೋಳೂ ಬಂದು ಹಿಂದೆ ಕೂತಳು. ಯಾಜಿಮ ಅರ್ಧ ತಾಸು ಮಾತಾಡಿ, ಹಲಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೇಳಿದರು:

"ಈ ಕಲ್ಪನೆ ಹೊಳೆದಿದ್ದು ಹೇಗೆ?"

'ಮೂರು ವರ್ಷದ ಚಿಂತನೆ' ಎಂಬ ಮಾತು ತೇಜೋನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಶಿನೋ ಅವನನ್ನೇ ನೋಡುತ್ತಿದ್ದಳು.

"ಹೊಳೀಲಿಲ್ಲ ಸ್ವಾಮಿ, ಅಚ್ಚಲ್ಲಿ ಎಡಬಲ ತಿರುಗೋದನ್ನ ಮರ್ತೆ. ಕರಡು ಹಾಕದೆ ಜಂಬ ಕೊಚ್ಚಿದೆ. ಶುದ್ಧ ದಡ್ಡತನ."

ಹೇಳಿ, ತಲೆ ತಗ್ಗಿಸಿ, ಚಪ್ಪಾಳೆಗೆ ಕಾದ. ಬರಲಿಲ್ಲ. ಇಷ್ಟು ದೊಡ್ಡ ಪ್ರಾಮಾಣಿಕತೆಗೆ ಒಬ್ಬರಾದರೂ ಕಣ್ಣೊರೆಸಿಕೊಳ್ಳಬಾರದೇ ಎಂದು ಅವನಿಗೆ ಬೇಸರವಾಯಿತು.

ಯಾಜಿಮ ಮಾತ್ರ ಅರಳಿದರು. "ಅಂದ್ರೆ ನಿಮ್ಮ ಒಳಮನಸ್ಸು ಕೆತ್ತಿದೆ! ಇನ್ನೂ ಶ್ರೇಷ್ಠ! ಬಹುಮಾನಕ್ಕೇನೂ ಅಡ್ಡಿ ಇಲ್ಲ."

ತಪ್ಪೊಪ್ಪಿಕೊಂಡರೂ ಬಹುಮಾನ! ಇಷ್ಟು ಅಗ್ಗದ ಪ್ರಾಮಾಣಿಕತೆ ತೇಜೋ ಜನ್ಮದಲ್ಲಿ ಕಂಡಿರಲಿಲ್ಲ. ಅವನ ಮುಖದ ಮೇಲೆ ನಗು ಮೂಡುತ್ತಿರುವಾಗಲೇ ಶಿನೋ ಎದ್ದಳು.

"ತಪ್ಪು ಒಪ್ಕೊಂಡ್ರಿ, ಒಳ್ಳೇದು. ಹಲಗೆ?"

"ಅಮ್ಮಾ, ಇದು ಕಲೆ," ಎಂದರು ಯಾಜಿಮ. "ನಿಮ್ಮ ಸಾವು ಇದರಲ್ಲಿ ಅಮರ."

"ನಾನಿನ್ನೂ ಸತ್ತಿಲ್ಲ ಯಜಮಾನ್ರೇ. ಸಾಯಿಸೋಕೆ ಕಾರ್ಖಾನೆಯೋರು ಇದಾರೆ, ಅವ್ರಿಗೆ ಟೋಕಿಯೋದಿಂದ ಸಹಾಯ ಬೇಡ. ನಮ್ಮ ಹೆಣ ಕಂಡ್ರೆ ನಿಮ್ ಕಣ್ಣು ತುಂಬುತ್ತೆ. ನಾಳೆ ಗೇಟಿನ ಹತ್ರ ಬದುಕಿರೋರು ಕೂತಿರ್ತೀವಿ, ಬರ್ತೀರಾ?"

ಯಾಜಿಮ ಸಂಜೆಯ ರೈಲಿನ ಹೊತ್ತು ನೋಡಿಕೊಂಡರು.

ತೇಜೋ ಅವರ ತೊಡೆಯಿಂದ ಹಲಗೆ ಎತ್ತಿಕೊಂಡ. ಸಂಘದ ದೋಣಿ ಬಡಗಿ ಮರ ಹೆರೆಯುವ ಕೀಸುಳಿ ಮೂಲೆಯಲ್ಲಿತ್ತು. ಅವನು ಕೀಸುಳಿಯನ್ನು ಹಲಗೆಯ ಮೇಲಿಟ್ಟು, ಅಲ್ಲಿಯ ರೂಢಿಯಂತೆ ತನ್ನತ್ತ ಎಳೆದ. ಮೊದಲು ಸೆರಗು ಹೋಯಿತು. ಆಮೇಲೆ ಮುಷ್ಟಿ. ಮುಖದ ಹತ್ತಿರ ಬಂದಾಗ ಕೈ ತಾನಾಗಿ ನಿಂತಿತು. ಕಣ್ಣಿನ ಅಂಚಿನ ಆ ಗೆರೆ ನಿಜಕ್ಕೂ ಚೆನ್ನಾಗಿ ಬಂದಿತ್ತು, ಮತ್ತೆ ಬರುವುದು ಅನುಮಾನ.

ಶಿನೋ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತು ಹಲಗೆಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಳೀರಿ ಮಾಸ್ತರೇ. ನನಗೇನೂ ನೋಯಲ್ಲ."