ಇಪ್ಪತ್ತೊಂದು ಔನ್ಸಿನ ಕೋಲು

ಪೂಲ್ ಆಟದಲ್ಲಿ ಬ್ರೇಕ್ ಹೊಡೆಯುವುದಕ್ಕೆಂದೇ ಬೇರೆ ಕೋಲು ಬೇಕೆಂದು ನಾನು ಆರು ವರ್ಷದಿಂದ ಕೇಳುತ್ತಿದ್ದೆ. ಮಾವನದು ಪ್ರತಿ ವರ್ಷ ಒಂದೇ ಉತ್ತರ.

"ಮೊದಲು ಗೆದ್ದು ತೋರಿಸಮ್ಮ. ಕೋಲು ಆಮೇಲೆ ತಾನಾಗೇ ಬರುತ್ತೆ."

"ಈಜು ಬಂದಮೇಲೆ ನೀರಿಗಿಳಿ ಅಂದಹಾಗಾಯ್ತು ಮಾವ."

"ನೋಡು, ಫಿಸಿಕ್ಸ್ ಓದಿದವಳಿಗೆ ಬಾಯಿ ಜಾಸ್ತಿ," ಎಂದು ಅವರು ನಗುತ್ತಿದ್ದರು. ಕೇಳಿಸಿಕೊಂಡವರಿಗೆ ಅದು ಅಕ್ಕರೆಯ ಮಾತಿನಂತೆ ಕೇಳಿಸುತ್ತಿತ್ತು.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕು ಪೂಲ್ ಮೇಜುಗಳ ಹಾಲ್ ನಮ್ಮದು. ಸರಿಯಾಗಿ ಹೇಳಬೇಕೆಂದರೆ ಮಾವನದು. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕುವುದು, ಚೆಂಡುಗಳನ್ನು ತೊಳೆದು ಒರೆಸುವುದು, ಸವೆದ ಕೋಲುಗಳ ತುದಿಗೆ ಹೊಸ ಚರ್ಮದ ಬಿಲ್ಲೆ ಅಂಟಿಸುವುದು ನನ್ನ ಕೆಲಸ. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಮದುವೆಯಾದ ಹೊಸದರಲ್ಲಿ ಆ ಖಾಲಿ ಹಾಲಿನಲ್ಲೇ ನಾನು ಆಟ ಕಲಿತದ್ದು.

ಹಾಲ್‌ಗಳ ನಡುವೆ ವರ್ಷಕ್ಕೊಮ್ಮೆ ಜೋಡಿ ಪಂದ್ಯ ನಡೆಯುತ್ತದೆ. ಒಂದು ಹಾಲಿನಿಂದ ಒಬ್ಬ ಗಂಡಸು, ಒಬ್ಬ ಹೆಂಗಸು. ಒಬ್ಬರ ಹೊಡೆತ ಆದಮೇಲೆ ಇನ್ನೊಬ್ಬರದು. ತ್ರಿಕೋನವಾಗಿ ಬಿಗಿದು ಕೂಡಿಸಿದ ಹದಿನೈದು ಚೆಂಡುಗಳನ್ನು ಮೊದಲ ಹೊಡೆತಕ್ಕೆ ಒಡೆಯುವುದೇ ಬ್ರೇಕ್; ಅದನ್ನು ಹೊಡೆಯುವವರು ಯಾರೆಂಬುದು ಜೋಡಿಗೆ ಬಿಟ್ಟದ್ದು. ಬೇರೆ ಹಾಲ್‌ಗಳಲ್ಲಿ ಗಂಡಸರೇ ಒಡೆಯುತ್ತಾರೆ. ನಮ್ಮಲ್ಲಿ ಮಾವ ಮಾಡಿಟ್ಟ ಪದ್ಧತಿ ಬೇರೆ. "ಬ್ರೇಕ್ ಅನ್ನೋದು ಅದೃಷ್ಟ, ಆಮೇಲಿಂದು ಆಟ. ಅದೃಷ್ಟ ಹೆಂಗಸರ ಕೈಲಿರಲಿ, ಆಟ ಗಂಡಸರು ನೋಡ್ಕೋತಾರೆ," ಎನ್ನುತ್ತಿದ್ದರು. ಅದು ಹೊಗಳಿಕೆಯಲ್ಲವೆಂದು ನನಗೆ ತಿಳಿಯುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ, ಏಕೆಂದರೆ ಆ ಮನೆಯಲ್ಲಿ ಪೂರ್ತಿ ನನ್ನದು ಅನ್ನುವಂಥದ್ದು ಆ ಒಂದು ಹೊಡೆತವೇ.

ಹೋದ ವರ್ಷ ಎರಡನೇ ಸುತ್ತಿನಲ್ಲಿ ಸೋತೆವು. ನನ್ನ ಬ್ರೇಕಿಗೆ ಮೂರು ಚೆಂಡು ಬಿದ್ದಿದ್ದವು. ಪಾಕೆಟ್ಟಿನ ಬಾಯಲ್ಲೇ ಕೂತಿದ್ದ ಬಿದ್ದರೆ ಗೆಲುವು ತರುವ ಕೊನೆಯ ಕಪ್ಪು ಚೆಂಡನ್ನು ನನ್ನ ಗಂಡ ತಪ್ಪಿಸಿದರು. ಮನೆಗೆ ಬಂದಮೇಲೆ ಮಾವ ನನ್ನ ಕಡೆ ತಿರುಗಿ, "ನೀನು ಪಕ್ಕದಲ್ಲಿ ಮುಖ ಗಂಟು ಹಾಕ್ಕೊಂಡು ನಿಂತ್ರೆ ಅವನಿಗೆ ಕೈ ಹೇಗೆ ಓಡುತ್ತೆ?" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇವರು ಚಪ್ಪಲಿಯ ಪಟ್ಟಿ ಬಿಚ್ಚುತ್ತಾ ಕೂತಿದ್ದರು. ಒಂದು ಪಟ್ಟಿ ಬಿಚ್ಚಲು ಅಷ್ಟು ಹೊತ್ತು ಬೇಕಿರಲಿಲ್ಲ.

ಈ ಸಲ ನಾನು ಕೇಳುವ ಮೊದಲೇ ಮಾವ ಊಟದ ನಡುವೆ, "ಭಾನುವಾರ ಹೋಗಿ ಬ್ರೇಕ್ ಕೋಲು ತಂದುಬಿಡಿ. ಕೋಲು ಮಾಡೋ ಮೇಷ್ಟ್ರಿಗೆ ಫೋನ್ ಮಾಡಿದ್ದೀನಿ," ಎಂದರು. ಆಮೇಲೆ ನನ್ನನ್ನು ನೋಡಿ, "ನೀನೂ ಹೋಗಮ್ಮ, ನಿನಗೆ ಗೊತ್ತಾಗುತ್ತೆ," ಎಂದರು.

ಆ ವಾರವಿಡೀ ನಾನು ಬೆಳಿಗ್ಗೆ ಬೇಗ ಹಾಲಿಗೆ ಹೋದೆ. ಹಳೆಯ ಕೋಲುಗಳ ಹಿಂಬದಿಗೆ ಕಬ್ಬಿಣದ ವಾಷರುಗಳನ್ನು ಟೇಪಿನಿಂದ ಸುತ್ತಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹದಿನೇಳರಿಂದ ಇಪ್ಪತ್ತೆರಡು ಔನ್ಸಿನವರೆಗೆ ಹೊಡೆದು ನೋಡಿದೆ. ನನ್ನ ತೋಳಿಗೆ ಹದಿನೆಂಟು ಸರಿ. ತೂಕ ಎರಡರಷ್ಟಾದರೆ ಹೊಡೆತದ ಶಕ್ತಿ ಎರಡರಷ್ಟೇ ಆಗುತ್ತದೆ. ವೇಗ ಎರಡರಷ್ಟಾದರೆ ನಾಲ್ಕರಷ್ಟು. ಭಾರದ ಕೋಲು ಹಿಡಿದರೆ ಬಲ ಹೆಚ್ಚಿದಂತೆ ಹೊಡೆಯುವವರಿಗೆ ಅನಿಸುತ್ತದೆ, ಚೆಂಡಿಗೆ ಅನಿಸುವುದಿಲ್ಲ.

ಭಾನುವಾರ ನಮ್ಮ ಜೊತೆ ನಾದಿನಿಯೂ ಹೊರಟಳು. ಇಪ್ಪತ್ತೆರಡರ ಹುಡುಗಿ, ಇವರ ಒಬ್ಬಳೇ ತಂಗಿ. ಎರಡು ವರ್ಷದಿಂದ ನನ್ನ ಹಿಂದೆ ಹಿಂದೆ ಬಂದು ಆಟ ಕಲಿತವಳು. ಬಸ್ಸಿನಲ್ಲಿ ನನಗೆ ಅಂಟಿಕೊಂಡು ಕೂತು, "ಅತ್ತಿಗೆ, ನೀವು ಬರ್ತೀರಿ ಅಂದಮೇಲೇ ನನಗೆ ಧೈರ್ಯ ಬಂದಿದ್ದು. ಅಣ್ಣನ್ನ ಬಿಟ್ರೆ ಬರೀ ಬಣ್ಣ ನೋಡಿ ತಗೊಂಡು ಬರ್ತಾನೆ," ಎಂದಳು.

"ಬಣ್ಣ ನೋಡೋ ಬುದ್ಧಿ ಇದ್ದಿದ್ರೆ ಮದುವೇಲೇ ನೋಡ್ತಿದ್ದೆ," ಎಂದರು ಇವರು ಮುಂದಿನ ಸೀಟಿನಿಂದ.

ನಾದಿನಿ ಅವರ ಬೆನ್ನಿಗೆ ಗುದ್ದಿದಳು. ನಾನೂ ನಕ್ಕೆ. ಅವತ್ತು ನಗುವುದು ಕಷ್ಟವಾಗಿರಲಿಲ್ಲ.

ಕೋಲು ಮೇಷ್ಟ್ರು ಹುಬ್ಬಿನ ಮೇಲೆಲ್ಲ ಮರದ ಪುಡಿ ಕೂತಿದ್ದ ಮುದುಕರು. ಮುಂದಿನ ಕೋಣೆಯಲ್ಲಿ ಲೇತ್ ಯಂತ್ರ, ಹಿಂದಿನ ಕೋಣೆಯಲ್ಲಿ ಹೊಡೆದು ನೋಡಲು ಒಂದು ಮೇಜು. ನಾದಿನಿ ಮೇಜು ನೋಡಲು ಒಳಗೆ ಓಡಿದಳು. ಮೇಷ್ಟ್ರು ಎರಡು ಕೋಲು ತಂದು ಹಲಗೆಯ ಮೇಲೆ ಉರುಳಿಸಿ, ಎರಡೂ ನೆಟ್ಟಗಿವೆಯೆಂದು ನಮಗೆ ತೋರಿಸಿದರು. ಆಮೇಲೆ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು.

"ಬ್ರೇಕ್ ಹೊಡೆಯೋರು ನೀವಾ?"

"ಹೌದು."

"ಫೋನಲ್ಲಿ ಹಾಲಿನ ಯಜಮಾನ್ರು ಎತ್ತರ ಐದಡಿ ಅಂದ್ರಲ್ಲ. ಅದೇ ಲೆಕ್ಕಕ್ಕೆ ಎರಡೂ ಕೋಲನ್ನ ಎರಡಿಂಚು ಗಿಡ್ಡ ಮಾಡಿಟ್ಟಿದ್ದೀನಿ. ನೀವು ಐದೂವರೆ ಇದ್ದೀರಿ."

ನಮ್ಮ ಮನೆಯಲ್ಲಿ ಐದಡಿ ಇರುವವಳು ಒಬ್ಬಳೇ. ನಾನು ಇವರ ಮುಖ ನೋಡಿದೆ. ಇವರು ಲೇತ್ ಯಂತ್ರ ನೋಡುತ್ತಿದ್ದರು.

"ಮನೆಗೆ ಹೋದಮೇಲೆ ಹೇಳೋಣ ಅಂತಿದ್ದೆ," ಎಂದರು, ದನಿ ತಗ್ಗಿಸಿ. "ಅಪ್ಪನ ಯೋಚನೆ. ಈ ಸಲ ಹಾಲಿಗೆ ಪೋಸ್ಟರ್ ಹಾಕಿಸ್ತಾರಂತೆ. ಪೋಸ್ಟರಲ್ಲಿ ಅವಳ ಮುಖ ಚೆನ್ನಾಗಿ ಬರುತ್ತೆ."

"ಮುಖದಲ್ಲಿ ಬ್ರೇಕ್ ಹೊಡೀತಾಳಾ?"

"ಇಲ್ಲಿ ರಗಳೆ ಬೇಡ. ನಿನ್ನ ಕರ್ಕೊಂಡು ಬಂದಿರೋದು ಆರಿಸೋಕೆ. ಆರಿಸಿಕೊಟ್ಟುಬಿಡು, ಸಾಕು."

ಮೇಷ್ಟ್ರು ನಮ್ಮಿಬ್ಬರ ಮುಖ ನೋಡಿ, ಕೋಲುಗಳನ್ನೆತ್ತಿಕೊಂಡು ಒಳಗೆ ನಡೆದರು. ನಾನೂ ಹೋದೆ. ಬಸ್ಸಿನಲ್ಲಿ ನಾದಿನಿ ಆಡಿದ ಮಾತು ಈಗ ಬೇರೆಯಾಗಿ ಕೇಳಿಸಿತು. ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನನ್ನ ತೋಳಿಗೆ ತೋಳು ತಾಗಿಸಿ ಕೂತಿದ್ದಳು.

"ಇದು ಹದಿನೆಂಟು ಔನ್ಸು, ಇದು ಇಪ್ಪತ್ತೊಂದು. ಎರಡಕ್ಕೂ ತುದಿಗೆ ಗಟ್ಟಿ ಟಿಪ್ಪೇ ಹಾಕಿದ್ದೀನಿ," ಎಂದರು ಮೇಷ್ಟ್ರು.

ನಾದಿನಿ ಮೊದಲು ಹಗುರದ್ದರಲ್ಲಿ ಹೊಡೆದಳು. ಚೆಂಡುಗಳು ಚೆನ್ನಾಗಿಯೇ ಚದುರಿದವು, ಸದ್ದು ಮಾತ್ರ ಸಣ್ಣದು, ತೆಳು ಹಲಗೆಗೆ ಬೆರಳು ಬಡಿದಷ್ಟು. ಆಮೇಲೆ ಭಾರದ್ದನ್ನು ಎತ್ತಿಕೊಂಡಳು. ಕೋಣೆಯೇ ಅದುರಿದಂತಾಯಿತು. ಇವರು "ಭಲೇ" ಎಂದರು. ಅವಳ ಕಣ್ಣು ಅರಳಿತು.

"ಇನ್ನೊಂದ್ಸಲ ಹೊಡಿ," ಎಂದೆ ನಾನು.

ಎರಡನೆಯದೂ ಚೆನ್ನಾಗಿತ್ತು. ಮೂರನೆಯದರಲ್ಲಿ ಅವಳ ಮೊಣಕೈ ಹೊಡೆತಕ್ಕಿಂತ ಮುಂಚೆಯೇ ಕುಸಿಯಿತು. ಸಾವರಿಸಿಕೊಳ್ಳುವ ಭರದಲ್ಲಿ ಕೋಲಿನ ಹಿಂಬದಿಯನ್ನು ಮೇಲೆತ್ತಿಬಿಟ್ಟಳು. ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಉರುಳುವ ಬದಲು ಬಟ್ಟೆಯಿಂದ ಬೆರಳಿನಷ್ಟು ಮೇಲೆ ಹಾರಿ ಹೋಗಿ ಬಡಿಯಿತು. ಎಲ್ಲರೂ ಚದುರಿದ ಚೆಂಡುಗಳನ್ನು ನೋಡುತ್ತಿದ್ದರು. ಮೊಣಕೈ ನೋಡಿದವಳು ನಾನೊಬ್ಬಳೇ. ಮೂರಕ್ಕೇ ಸೋಲುವ ತೋಳು ಪಂದ್ಯದ ನಾಲ್ಕನೇ ಬ್ರೇಕಿಗೆ ಏನಾಗುತ್ತದೆಂದು ಲೆಕ್ಕ ಹಾಕಲು ಡಿಗ್ರಿ ಬೇಕಾಗಿರಲಿಲ್ಲ.

"ಅತ್ತಿಗೆ, ಯಾವುದು? ನೀವು ಹೇಳಿದ್ದೇ ಆಗಲಿ."

"ಸದ್ದು ಅದರದ್ದೇ ಚೆನ್ನಾಗಿದೆ," ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಕೋಲನ್ನು ಎದೆಗೆ ಒತ್ತಿಕೊಂಡಳು. ಮೇಷ್ಟ್ರು ಮಾತ್ರ ನನ್ನನ್ನು ನೋಡಿ, "ಸದ್ದು ಕೇಳಿ ಕೋಲು ತಗೊಳ್ಳೋದುಂಟಾ ತಾಯಿ?" ಎಂದರು.

"ತೋಳು ಅವಳದ್ದು ಮೇಷ್ಟ್ರೇ."

"ಅದೂ ಸರಿ. ನಾನು ಮಾಡೋನು, ಹೊಡೆಯೋನಲ್ಲ," ಎಂದು ಅವರು ಅವಳ ಅಂಗೈ ಅಳತೆ ತೆಗೆದು, ಹಿಡಿಕೆಗೆ ದಾರ ಸುತ್ತಲು ಕೂತರು. ಸುತ್ತಿದಮೇಲೆ ಆ ಕೋಲು ಬೇರೆ ಯಾರ ಕೈಗೂ ಆಗುವುದಿಲ್ಲ.

ಪಂದ್ಯಕ್ಕೆ ಎರಡು ವಾರವಿತ್ತು. ಅಣ್ಣ ತಂಗಿ ಸಂಜೆ ಅಭ್ಯಾಸ ಮಾಡುತ್ತಿದ್ದರು. ನಾಲ್ಕು ಜನ ಗಿರಾಕಿಗಳ ಮುಂದೆ ಅವಳು ಒಂದೆರಡು ಬ್ರೇಕ್ ಹೊಡೆಯುವಳು, ಸದ್ದಿಗೆ ಅವರು ಚಪ್ಪಾಳೆ ತಟ್ಟುವರು, ಅಲ್ಲಿಗೆ ಆಯಿತು. ಒಂದೇ ಸಮನೆ ಹತ್ತು ಹೊಡೆಸಬೇಕೆಂದು ಇವರಿಗೆ ಹೊಳೆಯಲಿಲ್ಲ. ಆ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಅವಳಿಗೆ ಹೇಳಿಬಿಡಬೇಕೆಂದು ಒದ್ದಾಡುತ್ತಿದ್ದೆ ಎಂದು ಬರೆದರೆ ನನಗೆ ಒಳ್ಳೆಯ ಹೆಸರು ಬಂದೀತು. ಹಾಗೇನೂ ಆಗಲಿಲ್ಲ. ನಾನು ಮೇಜಿಗೆ ಬ್ರಷ್ ಹಾಕಿದೆ, ಚೆಂಡು ಒರೆಸಿದೆ, ಮೆಟ್ಟಿಲ ಗೋಡೆಗೆ ಅಂಟಿಸಿದ್ದ ಪೋಸ್ಟರ್ ದಾಟಿ ಮನೆಗೆ ಬಂದೆ. ಮುಖ ನಿಜಕ್ಕೂ ಚೆನ್ನಾಗಿ ಬಂದಿತ್ತು.

ಪಂದ್ಯ ಬೇರೊಂದು ಹಾಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ನಾನು ಮಾವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಮೊದಲ ಬ್ರೇಕ್ ಟಾಸಿನಲ್ಲಿ ನಮಗೆ ಬಂತು; ಆಮೇಲೆ ಪ್ರತಿ ಆಟದ ಬ್ರೇಕನ್ನೂ ಹಿಂದಿನ ಆಟ ಗೆದ್ದವರು ಹೊಡೆಯಬೇಕು. ನಾಲ್ಕು ಆಟ ಮೊದಲು ಗೆದ್ದವರಿಗೆ ಸುತ್ತು. ನಮ್ಮವರು ಮೊದಲ ಮೂರನ್ನೂ ಗೆದ್ದರು. "ನೋಡಿದ್ಯಾ?" ಎಂದರು ಮಾವ. ಮೂರನೆಯದಕ್ಕೇ ಅವಳ ಮೊಣಕೈ ಕುಸಿದಿದ್ದನ್ನು ನಾನು ನೋಡಿದ್ದೆ. ನಾಲ್ಕನೇ ಬ್ರೇಕಿಗೆ ಬಿಳಿ ಚೆಂಡು ಮೇಜು ಬಿಟ್ಟು ಹಾರಿ, ಒಬ್ಬರ ಕುರ್ಚಿಯ ಕೆಳಗೆ ಉರುಳಿತು. ಜನ ಗೊಳ್ಳೆಂದು ನಕ್ಕರು. ಆ ಆಟ ಎದುರಾಳಿಗಳಿಗೆ ಹೋಯಿತು, ಮುಂದಿನದೂ. ಆರನೆಯದನ್ನು ಹೇಗೋ ಕೊನೆಯವರೆಗೆ ಎಳೆದರು, ಅದೂ ಕೈಬಿಟ್ಟಿತು. ಮೂರು ಮೂರು ಆದಾಗ ನಾದಿನಿ ಕೋಲನ್ನು ಗೋಡೆಗೆ ಒರಗಿಸಿ ತೋಳು ನೀವಿಕೊಂಡಳು. ಅವಳು ಒಮ್ಮೆ ತಿರುಗಿ ನನ್ನನ್ನು ಹುಡುಕಿದಳು. ನಾನು ಕೈಚೀಲದೊಳಗೆ ಏನನ್ನೋ ಹುಡುಕಿದೆ. ಏಳನೇ ಆಟದಲ್ಲಿ ಅವರಿಗೆ ಚೆಂಡು ಮುಟ್ಟುವ ಅವಕಾಶವೇ ಹೆಚ್ಚು ಬರಲಿಲ್ಲ.

ಮನೆಯಲ್ಲಿ ಮಾವ ಕೋಲನ್ನು ಕೈಯಲ್ಲಿ ತೂಗಿ ನೋಡಿದರು. "ಯಾರು ಆರಿಸಿದ್ದು ಇದನ್ನ?"

"ಇವಳೇ," ಎಂದರು ಇವರು. ಈ ಸಲ ಮಾತು ತಡವಾಗಲಿಲ್ಲ.

ಬೈಗಳಿಗೆ ನಾನು ಸಿದ್ಧಳಾಗಿದ್ದೆ. ನಿಜ ಹೇಳಬೇಕೆಂದರೆ, ಬೈದು ಮುಗಿಸಿದಮೇಲೆ ಮುಂದಿನ ವರ್ಷ ನೀನೇ ಹೊಡಿ ಎನ್ನುತ್ತಾರೆಂದು ಕಾಯುತ್ತಿದ್ದೆ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಮಾವ. "ಕೋಲಿನ ತಪ್ಪೇನಿಲ್ಲ ಬಿಡಿ. ತಪ್ಪು ನಂದು. ಹೆಂಗಸರ ಕೈಗೆ ಬ್ರೇಕ್ ಕೊಟ್ಟಿದ್ದೇ ತಪ್ಪು. ಇನ್ಮೇಲೆ ಇವನೇ ಹೊಡೀಲಿ. ಎಲ್ಲ ಕಡೆ ಹಾಗೇ ತಾನೇ."

"ಆರು ವರ್ಷ ನಾನು ಹೊಡೆದಿದ್ದು?"

"ಅದೃಷ್ಟ ಎಷ್ಟು ದಿನ ಅಂತ ಇರುತ್ತಮ್ಮ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಾರನೆಯ ಬೆಳಿಗ್ಗೆ ನಾನು ಎರಡನೇ ಮೇಜಿಗೆ ಬ್ರಷ್ ಹಾಕುತ್ತಿದ್ದಾಗ ನಾದಿನಿ ಮೆಟ್ಟಿಲು ಹತ್ತಿ ಬಂದಳು. ರಾತ್ರಿ ಅತ್ತಿದ್ದ ಕಣ್ಣು. ಕೋಲಿನ ತುದಿಗೆ ಹಚ್ಚುವ ಚಾಕ್ ತುಂಡನ್ನು ಕೈಗೆತ್ತಿಕೊಂಡು, "ಭುಜ ಈಗ ಹೇಗಿದೆ ಅತ್ತಿಗೆ?" ಎಂದಳು.

"ಯಾರ ಭುಜ?"

"ನಿಮ್ಮದೇ. ನೋವಿದೆ, ಈ ವರ್ಷ ಕೈಲಾಗಲ್ಲ, ನೀವೇ ನನ್ನ ಹೆಸರು ಹೇಳಿದ್ರಿ ಅಂತ ಅಣ್ಣ ಅಂದಿದ್ದ." ನನ್ನ ಕೈಯಲ್ಲಿ ನಿಂತುಹೋದ ಬ್ರಷ್ಷನ್ನು ಅವಳು ನೋಡಿದಳು. ಮುಖ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಅವಳೂ ಇದೇ ಮನೆಯಲ್ಲಿ ಕಲಿತವಳು. "ನೀವು ಹೇಳಿರಲಿಲ್ಲ, ಅಲ್ವಾ?"

"ಇಲ್ಲ."

ಕೆಳಗೆ ಟೈರ್ ಅಂಗಡಿಯವರು ಗಾಳಿ ತುಂಬುವ ಯಂತ್ರ ಚಾಲೂ ಮಾಡಿದರು. ಅದು ನಿಲ್ಲುವವರೆಗೆ ಅವಳು ಕಾದಳು.

"ಆ ಕೋಲು ನನಗೆ ಭಾರ ಆಗುತ್ತೆ ಅಂತ ಅಂಗಡೀಲೇ ಗೊತ್ತಾಗಿತ್ತಾ ನಿಮಗೆ?"

ಅಷ್ಟಾಗಿ ಗಮನಿಸಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ನಂಬಲೆಂದೇ ಬಂದಿದ್ದಳು.

"ಮೂರನೇ ಹೊಡೆತಕ್ಕೇ ಗೊತ್ತಾಯ್ತು."

ಅವಳು ತಲೆಯಾಡಿಸಿದಳು. "ಅಪ್ಪ, ಅಣ್ಣ ಹೇಗೆ ಅಂತ ನನಗೆ ಗೊತ್ತು ಅತ್ತಿಗೆ. ಅದಕ್ಕೇ ತಾನೇ ನಾನು ನಿಮ್ಮನ್ನ ಕೇಳಿದ್ದು."

ಚಾಕನ್ನು ಮೇಜಿನ ಅಂಚಿನ ಮೇಲಿಟ್ಟು ಇಳಿದು ಹೋದಳು. ಹೋಗುವಾಗ ಬಾಗಿಲು ಬಡಿಯಲಿಲ್ಲ, ನಿಧಾನವಾಗಿಯೇ ಮುಚ್ಚಿದಳು. ಅದಾದಮೇಲೆ ಅವಳು ನನ್ನನ್ನು ಏನನ್ನೂ ಕೇಳಿಲ್ಲ. ಒಲೆಯ ಮುಂದೆ ಪಕ್ಕಪಕ್ಕದಲ್ಲೇ ನಿಂತಿರುತ್ತೇವೆ; ಉಪ್ಪು ಸಾಕೇ ಎಂದು ಕೂಡ ಕೇಳುವುದಿಲ್ಲ.